ಸಿಪಾಯಿಯ ಋಣ

ಕಲ್ಕತ್ತೆಯಲ್ಲಿ ನೆಲಸಿದ ಕನ್ನಡಿಗರಾದ ನಮ್ಮಲ್ಲಿ ಫೋರ್ಟ್ ವಿಲಿಯಂ ಕೋಟೆಯನ್ನು ಅರಿಯದವರಿಲ್ಲ. 1971ರ ಯುದ್ಧದಲ್ಲಿ ಪೂರ್ವರಂಗದ ಸೇನೆಯನ್ನು ನಡೆಸಿದ ಕೇಂದ್ರವದು. ಆ ಗೆಲವನ್ನು ನಾವೆಲ್ಲರೂ ನೆನೆಯುತ್ತೇವೆ. ಗೆದ್ದು ಬಂದ ಸಿಪಾಯಿ ಸಮವಸ್ತ್ರ ಕಳಚಿದ ಮೇಲೆ ಹೇಗೆ ಬಾಳಿದನೆಂದು ಕೇಳುವವರು ವಿರಳ.

ಈ ಚಿಂತೆ ಹಳೆಯದು. ಮೊದಲನೆಯ ಮಹಾಯುದ್ಧ ಮುಗಿದ ಬಳಿಕ, 1919ರಲ್ಲಿ, ಇಂದಿನ ಕೇಂದ್ರೀಯ ಸೈನಿಕ ಮಂಡಳಿಯ ಮೂಲಸಂಸ್ಥೆ ಹುಟ್ಟಿತು. 1949ರಿಂದ ಡಿಸೆಂಬರ್ 7 ಧ್ವಜದಿನವಾಯಿತು. ಅಂದು ಪುಟ್ಟ ಬಾವುಟ ಪಡೆದು ನಾವು ಕೊಡುವ ಕಾಣಿಕೆ ಸೈನಿಕರ ಕ್ಷೇಮನಿಧಿಗೆ ಸೇರುತ್ತದೆ. ಅದೇ ವರ್ಷ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದ ಕೊಡಗಿನ ಕೆ. ಎಂ. ಕಾರಿಯಪ್ಪನವರು, ನಿವೃತ್ತರಾದ ಮೇಲೂ ಮಾಜಿ ಸೈನಿಕರನ್ನು ಮರೆಯದೆ 1964ರಲ್ಲಿ ಅವರಿಗೊಂದು ಸಂಘ ಕಟ್ಟಿದರು.

ಪಿಂಚಣಿಯುಂಟು, 2003ರಿಂದ ಆರೋಗ್ಯ ಯೋಜನೆಯೂ ಉಂಟು. ಆದರೆ ಸೇನೆಯ ದಾಖಲೆಯಲ್ಲಿ ಹೆಂಡತಿಯ ಹೆಸರು ಒಂದು ಬಗೆ, ಬ್ಯಾಂಕಿನಲ್ಲಿ ಇನ್ನೊಂದು ಬಗೆ ಇದ್ದರೆ, ಗಂಡ ತೀರಿಕೊಂಡ ಮೇಲೆ ಕುಟುಂಬ ಪಿಂಚಣಿಗೆ ಅದೇ ತೊಡಕು. ಇದನ್ನು ಆತ ಬದುಕಿರುವಾಗಲೇ ತಿದ್ದಿಸಿಕೊಳ್ಳಬೇಕು. ಊರಿನಿಂದ ದೂರವಿರುವ, ಬಂಗಾಳಿ ಬಾರದ ತಾಯಂದಿರಿಗೆ ಕಚೇರಿಯ ಮೆಟ್ಟಿಲು ಹತ್ತಲು ಅಂಜಿಕೆ. ಅಂಥವರ ಜೊತೆಗೆ ನಮ್ಮಲ್ಲೊಬ್ಬರು ಜಿಲ್ಲಾ ಸೈನಿಕ ಮಂಡಳಿಗೆ ಹೋಗಿ ಅರ್ಜಿ ಬರೆದುಕೊಟ್ಟರೆ, ಈ ರಾಜ್ಯೋತ್ಸವ ಸಾರ್ಥಕ.