ಗ್ಯಾಸ್ ಒಲೆಯ ಜಾಲರಿ

ಗ್ಯಾಸ್ ಒಲೆಯ ಜಾಲರಿ ಎಂದರೆ ಅಡುಗೆ ಅನಿಲದ ಒಲೆಯಲ್ಲಿ ಬರ್ನರಿನ ಮೇಲೆ ಪಾತ್ರೆಯನ್ನು ನಿಗದಿತ ಎತ್ತರದಲ್ಲಿ ಹೊತ್ತು ನಿಲ್ಲಿಸುವ ಲೋಹದ ಚೌಕಟ್ಟು. ತಯಾರಕರು ಮತ್ತು ವ್ಯಾಪಾರಿಗಳು ಇದನ್ನು ಪ್ಯಾನ್ ಸಪೋರ್ಟ್ ಎಂದು ಕರೆಯುತ್ತಾರೆ. ಮನೆಗಳಲ್ಲಿ ಸ್ಟ್ಯಾಂಡ್ ಎಂಬ ಮಾತೂ ಬಳಕೆಯಲ್ಲಿದೆ. ಒಲೆಯನ್ನು ಶುಚಿಗೊಳಿಸಲು ಅನುಕೂಲವಾಗುವಂತೆ ಕೆಲವು ಒಲೆಗಳಲ್ಲಿ ಜಾಲರಿಯನ್ನು ಹಿಂಬದಿಯ ಕೀಲಿನ ಮೇಲೆ ಮೇಲಕ್ಕೆತ್ತಬಹುದು ಮತ್ತು ಬೇಕಾದಾಗ ಪೂರ್ತಿಯಾಗಿ ಕಳಚಿ ತೆಗೆಯಬಹುದು. ಇಂತಹ ಜಾಲರಿಯ ವಿನ್ಯಾಸವು ಕೇವಲ ಅನುಕೂಲದ ಪ್ರಶ್ನೆಯಲ್ಲ. ಬರ್ನರಿಗೂ ಪಾತ್ರೆಯ ತಳಕ್ಕೂ ನಡುವಿನ ಅಂತರವನ್ನು ನಿರ್ಧರಿಸುವುದು ಜಾಲರಿಯೇ ಆದ್ದರಿಂದ, ಅದು ಪ್ರತಿ ಬಾರಿಯೂ ಅದೇ ಸ್ಥಾನಕ್ಕೆ ಮರಳಿ ಕೂರದಿದ್ದರೆ ಅನಿಲದ ದಹನವೇ ಕೆಡುತ್ತದೆ.

ಇತಿಹಾಸ

ಇಂಗ್ಲೆಂಡಿನ ನಾರ್ಥಾಂಪ್ಟನ್ ನಗರದ ಜೇಮ್ಸ್ ಶಾರ್ಪ್ 1826ರಲ್ಲಿ ಅನಿಲದ ಒಲೆಗೆ ಪೇಟೆಂಟ್ ಪಡೆದು, 1836ರಲ್ಲಿ ಅದರ ತಯಾರಿಕಾ ಘಟಕವನ್ನು ಆರಂಭಿಸಿದನು. ಲಂಡನ್ನಿನ ರಿಫಾರ್ಮ್ ಕ್ಲಬ್ಬಿನ ಅಡುಗೆಮನೆಯಲ್ಲಿ ಬಾಣಸಿಗ ಅಲೆಕ್ಸಿಸ್ ಸೋಯರ್ 1840ರ ದಶಕದಲ್ಲಿ ಅನಿಲದ ಒಲೆಗಳನ್ನು ಬಳಸಿದನು. ಸೌದೆ ಅಥವಾ ಇದ್ದಿಲಿನ ಒಲೆಯಲ್ಲಿ ಪಾತ್ರೆಯು ಒಲೆಯ ಗೋಡೆ ಅಥವಾ ಗುಂಡುಗಳ ಮೇಲೆಯೇ ಕೂರುತ್ತಿತ್ತು. ಅನಿಲದ ಒಲೆಯಲ್ಲಿ ಜ್ವಾಲೆಯು ಬಯಲಿನಲ್ಲಿ ಉರಿಯುವುದರಿಂದ ಪಾತ್ರೆಯನ್ನು ಅದರ ಮೇಲೆ ಎತ್ತಿ ಹಿಡಿಯುವ ಪ್ರತ್ಯೇಕ ಆಸರೆ ಅಗತ್ಯವಾಯಿತು.

ಭಾರತದಲ್ಲಿ ದ್ರವೀಕೃತ ಪೆಟ್ರೋಲಿಯಂ ಅನಿಲದ ಮಾರಾಟವು 1950ರ ದಶಕದಲ್ಲಿ ಮುಂಬಯಿಯಲ್ಲಿ ಆರಂಭವಾಯಿತು. ಇಂಡೇನ್ ಹೆಸರಿನ ಮೊದಲ ಸಂಪರ್ಕವನ್ನು 1965ರಲ್ಲಿ ಕೋಲ್ಕತ್ತದಲ್ಲಿ ನೀಡಲಾಯಿತು. 2016ರ ಮೇ 1ರಂದು ಆರಂಭವಾದ ಪ್ರಧಾನಮಂತ್ರಿ ಉಜ್ವಲಾ ಯೋಜನೆಯ ನಂತರ ಗ್ಯಾಸ್ ಒಲೆ ಗ್ರಾಮೀಣ ಮನೆಗಳಿಗೂ ವ್ಯಾಪಕವಾಗಿ ತಲುಪಿತು.

ಜ್ವಾಲೆಯೊಡನೆ ಸಂಬಂಧ

ಭಾರತದ ಮನೆಗಳಲ್ಲಿ ಬಳಸುವ ಸಿಲಿಂಡರಿನ ಅನಿಲವು ಮುಖ್ಯವಾಗಿ ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣ. ಒಂದು ಪಾಲು ಪ್ರೊಪೇನ್ ಪೂರ್ಣವಾಗಿ ಉರಿಯಲು ಗಾತ್ರದ ಲೆಕ್ಕದಲ್ಲಿ ಸುಮಾರು 24 ಪಾಲು ಗಾಳಿ ಬೇಕು. ಬ್ಯೂಟೇನ್‌ಗೆ ಸುಮಾರು 31 ಪಾಲು ಬೇಕು. ಈ ಗಾಳಿಯ ಒಂದು ಭಾಗವು ಬರ್ನರಿನ ಕೊಳವೆಯೊಳಗೇ ಅನಿಲದೊಡನೆ ಬೆರೆಯುತ್ತದೆ. ಇದನ್ನು ಪ್ರಾಥಮಿಕ ಗಾಳಿ ಎನ್ನುತ್ತಾರೆ. ಉಳಿದ ಭಾಗವನ್ನು ಜ್ವಾಲೆಯು ಸುತ್ತಲಿನ ವಾತಾವರಣದಿಂದ ಎಳೆದುಕೊಳ್ಳುತ್ತದೆ. ಇದು ದ್ವಿತೀಯಕ ಗಾಳಿ. ಪಾತ್ರೆಯ ತಳ, ಜಾಲರಿಯ ತೋಳುಗಳು ಮತ್ತು ಒಲೆಯ ಮೇಲ್ಮೈಗಳ ನಡುವೆ ಉಳಿಯುವ ಜಾಗವೇ ದ್ವಿತೀಯಕ ಗಾಳಿ ಒಳಬರುವ ಮತ್ತು ಉರಿದ ಅನಿಲ ಹೊರಹೋಗುವ ದಾರಿ.

ಜಾಲರಿ ಅಗತ್ಯಕ್ಕಿಂತ ಎತ್ತರವಾಗಿದ್ದರೆ ಬಿಸಿ ಅನಿಲವು ಪಾತ್ರೆಗೆ ತಾಗುವ ಮೊದಲೇ ಹರಡಿ ತಣಿಯುತ್ತದೆ. ಇಂಧನ ಹೆಚ್ಚು ವ್ಯಯವಾಗುತ್ತದೆ. ಅಗತ್ಯಕ್ಕಿಂತ ತಗ್ಗಾಗಿದ್ದರೆ ಗಾಳಿಯ ದಾರಿ ಕಿರಿದಾಗುವುದಲ್ಲದೆ, ತಂಪಾದ ತಳವು ಜ್ವಾಲೆಯ ಒಳಗಿನ ನೀಲಿ ಶಂಕುವನ್ನು ಮುಟ್ಟಿ ದಹನವನ್ನು ಅರ್ಧಕ್ಕೇ ನಿಲ್ಲಿಸುತ್ತದೆ. ಆಗ ಕಾರ್ಬನ್ ಮಾನಾಕ್ಸೈಡ್ ಉಂಟಾಗುತ್ತದೆ. ಬಣ್ಣ ಮತ್ತು ವಾಸನೆ ಇಲ್ಲದ ಈ ಅನಿಲವು ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುವುದರಿಂದ ಕಿಟಕಿ ಮುಚ್ಚಿದ ಅಡುಗೆಮನೆಯಲ್ಲಿ ಅಪಾಯಕಾರಿ. ದಹನಕ್ಕೆ ಗಾಳಿ ಸಾಲದಿದ್ದಾಗ ಜ್ವಾಲೆಯ ತುದಿ ಹಳದಿಯಾಗಿ ಪಾತ್ರೆಯ ತಳಕ್ಕೆ ಮಸಿ ಹಿಡಿಯುವುದು ಸಾಮಾನ್ಯ ಸೂಚನೆ. ಆದರೆ ತಳವು ಜ್ವಾಲೆಯನ್ನು ತಣಿಸಿದಾಗ ಮಸಿ ಕಾಣಿಸದೆಯೂ ಕಾರ್ಬನ್ ಮಾನಾಕ್ಸೈಡ್ ಹೆಚ್ಚಬಹುದು.

ಜಾಲರಿಯ ತೋಳುಗಳೂ ಜ್ವಾಲೆಯನ್ನು ತಣಿಸಬಲ್ಲವು. ಆದ್ದರಿಂದ ಅವುಗಳ ತುದಿಗಳನ್ನು ನೀಲಿ ಶಂಕುವಿನಿಂದ ಹೊರಗಿಡಲಾಗುತ್ತದೆ. ಜ್ವಾಲೆಯ ಮೇಲೆ ಹಾಯುವ ಭಾಗವನ್ನು ಅಡ್ಡಗಲದಲ್ಲಿ ತೆಳುವಾಗಿಯೂ ಎತ್ತರದಲ್ಲಿ ದಪ್ಪವಾಗಿಯೂ ರೂಪಿಸಲಾಗುತ್ತದೆ. ಹೀಗೆ ಮಾಡಿದಾಗ ಬಾಗುವಿಕೆಯನ್ನು ತಡೆಯುವ ಬಲವೂ ಉಳಿಯುತ್ತದೆ, ಗಾಳಿಗೆ ಅಡ್ಡಿಯೂ ಕಡಿಮೆಯಾಗುತ್ತದೆ.

ವಿಧಗಳು

ಒಲೆಗೆ ಜೋಡಿಸುವ ಕ್ರಮವನ್ನು ಅನುಸರಿಸಿ ಜಾಲರಿಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು.

ಬಿಡಿ ಜಾಲರಿ: ಒಲೆಯ ಮೇಲ್ಮೈಯಲ್ಲಿರುವ ತಗ್ಗು ಅಥವಾ ಗೂಟಗಳಲ್ಲಿ ತನ್ನ ಭಾರದಿಂದಲೇ ಕೂರುತ್ತದೆ. ಭಾರತದ ಎರಡು ಅಥವಾ ಮೂರು ಬರ್ನರಿನ ಮೇಜಿನ ಒಲೆಗಳಲ್ಲಿ ಇದು ಸಾಮಾನ್ಯ. ತೆಗೆಯುವುದು ಸುಲಭ; ಆದರೆ ದಿಕ್ಕು ತಪ್ಪಿಸಿ ಇಟ್ಟರೆ ಅಲುಗಾಡುತ್ತದೆ.

ಕೀಲಿನ ಜಾಲರಿ: ಹಿಂಬದಿಯಲ್ಲಿ ಒಲೆಗೆ ಶಾಶ್ವತವಾಗಿ ಜೋಡಿಸಲ್ಪಟ್ಟಿದ್ದು, ಪುಸ್ತಕದ ರಟ್ಟಿನಂತೆ ಮೇಲಕ್ಕೇಳುತ್ತದೆ. ಒಲೆಯ ಮೇಲ್ಮೈಯನ್ನು ಒರೆಸಲು ಅನುಕೂಲ; ಜಾಲರಿಯನ್ನು ಇಡಲು ಬೇರೆ ಜಾಗ ಹುಡುಕಬೇಕಿಲ್ಲ. ಆದರೆ ಜಾಲರಿಯನ್ನೇ ನೀರಿನಲ್ಲಿ ನೆನೆಸಿ ತೊಳೆಯಲಾಗುವುದಿಲ್ಲ.

ಕಳಚಬಹುದಾದ ಕೀಲಿನ ಜಾಲರಿ: ಮೇಲಿನ ಎರಡರ ಗುಣಗಳನ್ನೂ ಕೂಡಿಸುತ್ತದೆ. ದಿನನಿತ್ಯದ ಒರೆಸುವಿಕೆಗೆ ಎತ್ತಿದರೆ ಸಾಕು. ಹಾಲು ಉಕ್ಕಿ ಸುಟ್ಟು ಹಿಡಿದಾಗ ಕಳಚಿ ತೊಳೆಯಬಹುದು. ವಿನ್ಯಾಸದ ದೃಷ್ಟಿಯಿಂದ ಇದು ಮೂರರಲ್ಲಿ ಹೆಚ್ಚು ಜಟಿಲವಾದುದು.

ವಸ್ತುಗಳು

ಎರಕದ ಕಬ್ಬಿಣ, ಸಾಧಾರಣ ಉಕ್ಕು ಮತ್ತು ಸ್ಟೇನ್‌ಲೆಸ್ ಸ್ಟೀಲ್ ಮುಖ್ಯವಾಗಿ ಬಳಕೆಯಾಗುವ ಲೋಹಗಳು. ಎರಕದ ಕಬ್ಬಿಣವು ಭಾರವಾಗಿದ್ದು ಅಲುಗಾಡದೆ ಕೂರುತ್ತದೆ ಮತ್ತು ಬೇಕಾದ ಆಕಾರಕ್ಕೆ ಎರಕ ಹೊಯ್ಯಲು ಒಗ್ಗುತ್ತದೆ. ಆದರೆ ಪೆಡಸಾದುದರಿಂದ ಬಿದ್ದರೆ ಒಡೆಯಬಹುದು. ಹೀಗಾಗಿ ಅದರಲ್ಲಿ ತೆಳುವಾದ ಕೀಲಿನ ಕಿವಿಗಳನ್ನು ಎರಕ ಹೊಯ್ಯುವುದು ಸೂಕ್ತವಲ್ಲ. ಉಕ್ಕಿನ ಸರಳು ಅಥವಾ ಪಟ್ಟಿಯಿಂದ ಮಾಡಿದ ಜಾಲರಿ ಹಗುರ ಮತ್ತು ಅಗ್ಗ. ಒಡೆಯುವುದಿಲ್ಲ, ಆದರೆ ತೆಳುವಾಗಿದ್ದರೆ ಕಾಲಕ್ರಮೇಣ ಬಾಗುತ್ತದೆ.

ಮೊದಲ ಎರಡು ಲೋಹಗಳಿಗೆ ತುಕ್ಕು ಹಿಡಿಯದಂತೆ ಎನಾಮೆಲ್ ಎಂಬ ಗಾಜಿನ ಲೇಪವನ್ನು ಸುಮಾರು 800 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಬೇಯಿಸಿ ಕೂರಿಸಲಾಗುತ್ತದೆ. ಈ ಲೇಪ ಶಾಖವನ್ನು ತಡೆಯುತ್ತದೆಯಾದರೂ ಉಜ್ಜುವಿಕೆಯನ್ನು ಮತ್ತು ಪೆಟ್ಟನ್ನು ತಡೆಯದು. ಕೀಲು ತಿರುಗುವ ಜಾಗದಲ್ಲಿ ಲೇಪ ಬೇಗನೆ ಕಿತ್ತುಹೋಗಿ ತುಕ್ಕು ಆರಂಭವಾಗುವುದರಿಂದ, ಕೀಲಿನ ಪಿನ್ನು ಮತ್ತು ಅದನ್ನು ಹಿಡಿಯುವ ತುಂಡನ್ನು ಸ್ಟೇನ್‌ಲೆಸ್ ಸ್ಟೀಲ್‌ನಿಂದ ಪ್ರತ್ಯೇಕವಾಗಿ ಮಾಡಿ ಜೋಡಿಸುವುದು ಉತ್ತಮ. ಸತುವಿನ ಲೇಪವುಳ್ಳ ಉಕ್ಕನ್ನು ಇಲ್ಲಿ ಬಳಸಬಾರದು. ಸತುವು 420 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಕರಗುತ್ತದೆ ಮತ್ತು ಅತಿಯಾಗಿ ಕಾದಾಗ ಹಾನಿಕರ ಹೊಗೆ ಬಿಡುತ್ತದೆ.

ಕೀಲಿನ ವಿನ್ಯಾಸ

ಭಾರ ಹೊರುವುದು ಕಾಲುಗಳು, ಕೀಲಲ್ಲ: ಕೀಲಿನ ಜಾಲರಿಯ ಮೂಲಭೂತ ನಿಯಮವಿದು. ಜಾಲರಿ ಕೆಳಗಿಳಿದಾಗ ಪಾತ್ರೆಯ ಭಾರವೆಲ್ಲ ಅದರ ಕಾಲುಗಳ ಮೂಲಕ ಒಲೆಯ ಮೈಗೆ ಇಳಿಯಬೇಕು. ಇದಕ್ಕಾಗಿ ಪಿನ್ನು ಕೂರುವ ರಂಧ್ರವನ್ನು ದುಂಡಗೆ ಕೊರೆಯದೆ ಮೇಲೆ ಕೆಳಗೆ ಉದ್ದವಾಗಿ ಕೊರೆಯುತ್ತಾರೆ. ಕಾಲುಗಳು ನೆಲೆಗೊಂಡಾಗ ಪಿನ್ನು ಆ ರಂಧ್ರದಲ್ಲಿ ತೇಲಿದಂತೆ ಸಡಿಲವಾಗಿ ಉಳಿಯುತ್ತದೆ. ಕೀಲೇ ಭಾರ ಹೊತ್ತರೆ ಕೆಲಕಾಲದಲ್ಲಿ ಅದು ಸವೆದು ಜಾಲರಿಯ ಹಿಂಬದಿ ಕುಸಿಯುತ್ತದೆ, ಪಾತ್ರೆ ವಾಲುತ್ತದೆ.

ಹಿಗ್ಗುವಿಕೆಗೆ ತೆರಪು: ಕಾದ ಲೋಹ ಹಿಗ್ಗುತ್ತದೆ. 250 ಮಿ.ಮೀ. ಉದ್ದದ ಎರಕದ ಕಬ್ಬಿಣದ ಸರಳಿನ ಉಷ್ಣತೆ 300 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿದರೆ ಅದು ಸುಮಾರು 0.8 ಮಿ.ಮೀ. ಉದ್ದವಾಗುತ್ತದೆ, ಸಾಮಾನ್ಯ ಸ್ಟೇನ್‌ಲೆಸ್ ಸ್ಟೀಲ್ ಆದರೆ ಸುಮಾರು 1.3 ಮಿ.ಮೀ. ಒಲೆಯ ಮೈ ಅಷ್ಟು ಕಾಯುವುದಿಲ್ಲವಾದ್ದರಿಂದ ಎರಡು ಕೀಲುಗಳ ನಡುವಿನ ಅಳತೆ ಬದಲಾಗುವುದಿಲ್ಲ. ಆದ್ದರಿಂದ ಒಂದು ಕೀಲನ್ನು ಸ್ಥಾನ ಹಿಡಿಯುವಂತೆ ಬಿಗಿಯಾಗಿಯೂ ಮತ್ತೊಂದನ್ನು ಅಡ್ಡಲಾಗಿ ಸರಿಯುವಂತೆ ಸಡಿಲವಾಗಿಯೂ ಇಡಲಾಗುತ್ತದೆ. ಎರಡನ್ನೂ ಬಿಗಿಯಾಗಿಟ್ಟರೆ ಬಿಸಿಯಾದಾಗ ಜಾಲರಿ ಸಿಕ್ಕಿಕೊಳ್ಳುತ್ತದೆ ಅಥವಾ ಡೊಂಕಾಗುತ್ತದೆ.

ಅಕ್ಷದ ಸ್ಥಾನ: ಕೀಲಿನ ಅಕ್ಷವು ಕಾಲುಗಳ ತಳದ ಮಟ್ಟಕ್ಕಿಂತ ಬಹಳ ಮೇಲಿದ್ದರೆ, ಜಾಲರಿಯನ್ನು ಎತ್ತಲಾರಂಭಿಸಿದಾಗ ಕಾಲುಗಳು ಮೊದಲು ಮುಂದಕ್ಕೆ ಸರಿದು ಒಲೆಯ ಗಾಜು ಅಥವಾ ಉಕ್ಕಿನ ಮೇಲ್ಮೈಯನ್ನು ಗೀಚುತ್ತವೆ. ಅಕ್ಷವು ಕಾಲಿನ ತಳದ ಮಟ್ಟಕ್ಕೆ ಹತ್ತಿರವಿದ್ದಷ್ಟೂ ಅವು ನೇರವಾಗಿ ಮೇಲೇಳುತ್ತವೆ. ತೋಳುಗಳು ಕಮಾನಿನಂತಹ ದಾರಿಯಲ್ಲಿ ಚಲಿಸುವುದರಿಂದ ಬರ್ನರಿನ ಮುಚ್ಚಳ, ಕಿಡಿ ಹೊತ್ತಿಸುವ ಕಡ್ಡಿ ಮತ್ತು ಜ್ವಾಲೆ ಆರಿದರೆ ಅನಿಲವನ್ನು ನಿಲ್ಲಿಸುವ ಸುರಕ್ಷತಾ ಸಾಧನದ ತುದಿ ಇವುಗಳಿಗೆ ಎಲ್ಲಿಯೂ ತಗುಲದಂತೆ ಆ ದಾರಿಯನ್ನು ಮೊದಲೇ ರೇಖಿಸಿ ನೋಡಬೇಕು.

ನಿಲ್ಲುವ ಕೋನ: ಎತ್ತಿದ ಜಾಲರಿ ತಾನಾಗಿಯೇ ನಿಲ್ಲಬೇಕು. ಸ್ಪ್ರಿಂಗ್ ಅಥವಾ ಬಿಗಿ ಹಿಡಿತದ ಕೀಲುಗಳು ಶಾಖ ಮತ್ತು ಜಿಡ್ಡಿನಿಂದ ಹಿಡಿತ ಕಳೆದುಕೊಳ್ಳುವುದರಿಂದ ಇಲ್ಲಿ ನಂಬಿಕೆಗೆ ಅರ್ಹವಲ್ಲ. ಜಾಲರಿಯನ್ನು ನೆಟ್ಟಗೆ ನಿಲ್ಲುವ 90 ಡಿಗ್ರಿಯನ್ನು ದಾಟಿಸಿ ಸುಮಾರು 100 ಡಿಗ್ರಿಯವರೆಗೆ ಹಿಂದಕ್ಕೆ ವಾಲಿಸಿ, ಅಲ್ಲಿ ತಡೆಯೊಂದನ್ನು ಕೊಟ್ಟರೆ ಅದರ ಭಾರವೇ ಅದನ್ನು ಹಿಡಿದಿಡುತ್ತದೆ. ಒಲೆಯ ಹಿಂದಿನ ಗೋಡೆಗೆ ತಗುಲದಷ್ಟು ಜಾಗವಿರಬೇಕಾದುದು ಅವಶ್ಯ. ಉದಾಹರಣೆಗೆ, 10 ಮಿ.ಮೀ. ಅಗಲ ಮತ್ತು 12 ಮಿ.ಮೀ. ಎತ್ತರದ ಎರಕದ ಕಬ್ಬಿಣದ ಸರಳು ಒಟ್ಟು 2 ಮೀಟರ್ ಇರುವ ಜಾಲರಿಯ ತೂಕ ಸುಮಾರು 1.7 ಕೆ.ಜಿ. ಅದರ ಮುಂದಿನ ಅಂಚನ್ನು ಎತ್ತಲು ಅರ್ಧದಷ್ಟು, ಅಂದರೆ ಸುಮಾರು 850 ಗ್ರಾಂ ತೂಕಕ್ಕೆ ಸಮನಾದ ಬಲ ಸಾಕು; ಆದರೆ ಕೈಜಾರಿದರೆ ಬೆರಳಿಗೂ ಗಾಜಿನ ಮೇಲ್ಮೈಗೂ ಪೆಟ್ಟಾಗುವಷ್ಟು ಭಾರ ಅದರಲ್ಲಿದೆ.

ಕಳಚುವ ಕ್ರಮ: ಉಪಕರಣಗಳ ಸಹಾಯವಿಲ್ಲದೆ ಕಳಚುವಂತಿರಬೇಕು, ಆದರೆ ಬಳಕೆಯಲ್ಲಿರುವಾಗ ತಾನಾಗಿ ಕಳಚಿಕೊಳ್ಳಬಾರದು. ಇದಕ್ಕೆ ಎರಡು ಸರಳ ಉಪಾಯಗಳಿವೆ. ಒಂದರಲ್ಲಿ ಜಾಲರಿಯ ಹಿಂಬದಿಯ ಕೊಕ್ಕೆಗಳು ಒಲೆಯ ಅಡ್ಡಸರಳಿಗೆ ಸಿಕ್ಕಿಕೊಳ್ಳುತ್ತವೆ. ಜಾಲರಿಯನ್ನು ನೆಟ್ಟಗೆ ನಿಲ್ಲಿಸಿ ಮೇಲಕ್ಕೆತ್ತಿದಾಗ ಮಾತ್ರ ಬಿಡುತ್ತವೆ. ಇನ್ನೊಂದರಲ್ಲಿ ದುಂಡು ಪಿನ್ನಿನ ಎರಡು ಪಕ್ಕಗಳನ್ನು ಚಪ್ಪಟೆಯಾಗಿ ಅರೆದಿರುತ್ತಾರೆ. ಪಿನ್ನು ಕೂರುವ ಗುಳಿಯ ಬಾಯಿ ಅದರ ಪೂರ್ಣ ವ್ಯಾಸಕ್ಕಿಂತ ಕಿರಿದಾಗಿರುತ್ತದೆ. ಚಪ್ಪಟೆ ಪಕ್ಕಗಳು ಬಾಯಿಗೆ ಸರಿಹೊಂದುವ ಒಂದೇ ಕೋನದಲ್ಲಿ ಜಾಲರಿ ಹೊರಬರುತ್ತದೆ. ಉಳಿದ ಯಾವ ಕೋನದಲ್ಲಿಯೂ ಬರುವುದಿಲ್ಲ. ಎಡಬಲದ ಕೀಲುಗಳನ್ನು ಬೇರೆ ಬೇರೆ ಅಗಲದಲ್ಲಿ ಮಾಡಿದರೆ ಜಾಲರಿಯನ್ನು ತಪ್ಪು ಬದಿಗೆ ಜೋಡಿಸುವ ಸಾಧ್ಯತೆಯೂ ಇಲ್ಲವಾಗುತ್ತದೆ.

ಪಾತ್ರೆಯ ಸ್ಥಿರತೆ

ಮೂರು ಕಾಲಿನ ಆಸರೆ ಸಮವಲ್ಲದ ಮೇಲ್ಮೈಯಲ್ಲಿಯೂ ಅಲುಗುವುದಿಲ್ಲ. ನಾಲ್ಕು ಕಾಲಿನದು ಒಂದು ಕಾಲು ಗಿಡ್ಡವಾದರೂ ಅಲುಗುತ್ತದೆ. ಆದರೆ ಕಾಲುಗಳು ಸುತ್ತುವರಿದ ಜಾಗದ ಹೊರಗೆ ಭಾರ ಬಿದ್ದರೆ ಜಾಲರಿ ಮಗುಚುವುದರಿಂದ, ಚೌಕಾಕಾರದ ಜಾಲರಿಗೆ ನಾಲ್ಕೂ ಮೂಲೆಗಳಲ್ಲಿ ಕಾಲು ಕೊಡುವುದು ವಾಡಿಕೆ. ಸಣ್ಣ ವ್ಯತ್ಯಾಸಗಳನ್ನು ಶಾಖ ತಡೆಯುವ ಸಿಲಿಕೋನ್ ಬಿರಡೆಗಳು ಸರಿದೂಗಿಸುತ್ತವೆ.

ತೋಳುಗಳ ನಡುವಿನ ಬಯಲು ಮನೆಯ ಅತಿ ಚಿಕ್ಕ ಪಾತ್ರೆಗಿಂತ ಕಿರಿದಾಗಿರಬೇಕು. ಕರ್ನಾಟಕದ ಅಡುಗೆಮನೆಯಲ್ಲಿ ಒಂದೇ ಒಲೆಯ ಮೇಲೆ ಒಗ್ಗರಣೆ ಸೌಟು, ದುಂಡು ತಳದ ಬಾಣಲೆ, ಅಗಲವಾದ ದೋಸೆ ಕಾವಲಿ ಮತ್ತು ತುಂಬಿದ ಕುಕ್ಕರ್ ಎಲ್ಲವೂ ಏರುತ್ತವೆ. ಚಪ್ಪಟೆ ತಳದ ಪಾತ್ರೆಗಾಗಿ ತೋಳುಗಳ ಮೇಲ್ಭಾಗ ಒಂದೇ ಮಟ್ಟದಲ್ಲಿರಬೇಕು. ದುಂಡು ತಳಕ್ಕಾಗಿ ಒಳತುದಿಗಳು ಸ್ವಲ್ಪ ಇಳಿಜಾರಾಗಿದ್ದರೆ ಒಳ್ಳೆಯದು. ಅಗಲವಾದ ಕಾವಲಿಯು ಜ್ವಾಲೆಯ ಮೇಲೆ ಮುಚ್ಚಳದಂತೆ ಕೂರುವುದರಿಂದ ಗಾಳಿಯ ದಾರಿಯ ಪರೀಕ್ಷೆಗೆ ಅದನ್ನೂ ಬಳಸಬೇಕು.

ಮಾನದಂಡಗಳು

ಭಾರತದಲ್ಲಿ ಗೃಹಬಳಕೆಯ ಎಲ್‌ಪಿಜಿ ಒಲೆಗಳಿಗೆ ಭಾರತೀಯ ಮಾನಕ ಬ್ಯೂರೋದ ಐಎಸ್ 4246 ಮಾನದಂಡ ಅನ್ವಯಿಸುತ್ತದೆ. ಅದರ ಪ್ರಕಾರ ಬರ್ನರಿನ ಉಷ್ಣ ದಕ್ಷತೆ ಕನಿಷ್ಠ ಶೇ. 68 ಇರಬೇಕು ಮತ್ತು ಉರಿದ ಅನಿಲದಲ್ಲಿ ಕಾರ್ಬನ್ ಮಾನಾಕ್ಸೈಡ್‌ಗೂ ಕಾರ್ಬನ್ ಡೈಆಕ್ಸೈಡ್‌ಗೂ ಇರುವ ಅನುಪಾತ 0.02ನ್ನು ಮೀರಬಾರದು. ಈ ಎರಡು ಅಗತ್ಯಗಳು ಜಾಲರಿಯ ಎತ್ತರವನ್ನು ವಿರುದ್ಧ ದಿಕ್ಕುಗಳಿಗೆ ಎಳೆಯುತ್ತವೆ. ದಕ್ಷತೆಗಾಗಿ ಪಾತ್ರೆ ಜ್ವಾಲೆಗೆ ಹತ್ತಿರವಿರಬೇಕು. ಶುದ್ಧ ದಹನಕ್ಕಾಗಿ ದೂರವಿರಬೇಕು. ಎರಡೂ ಮಿತಿಗಳನ್ನು ಪಾಲಿಸುವ ಎತ್ತರವನ್ನು ಪ್ರತಿ ಬರ್ನರಿಗೂ ಪರೀಕ್ಷೆಯಿಂದಲೇ ಕಂಡುಕೊಳ್ಳಬೇಕಾಗುತ್ತದೆ.

ಬಳಕೆ ಮತ್ತು ನಿರ್ವಹಣೆ

ಒಲೆ ಆರಿದ ನಂತರವೂ ಭಾರವಾದ ಜಾಲರಿ ಬಹಳ ಹೊತ್ತು ಬಿಸಿಯಾಗಿರುತ್ತದೆ. ಪೂರ್ತಿ ತಣಿದ ಮೇಲೆಯೇ ಅದನ್ನು ಎತ್ತಬೇಕು. ಬಿಸಿ ಜಾಲರಿಗೆ ತಣ್ಣೀರು ಸುರಿದರೆ ಎನಾಮೆಲ್ ಬಿರುಕು ಬಿಡಬಹುದು. ಜಾಲರಿ ಮೇಲೆತ್ತಿರುವಾಗ ಬರ್ನರನ್ನು ಹೊತ್ತಿಸಬಾರದು. ಕೀಲಿನ ಗುಳಿಯಲ್ಲಿ ಅನ್ನದ ಅಗುಳು ಅಥವಾ ಸುಟ್ಟ ಜಿಡ್ಡು ಸೇರಿದರೆ ಜಾಲರಿ ಪೂರ್ತಿ ಕೆಳಗೆ ಕೂರುವುದಿಲ್ಲವಾದ್ದರಿಂದ ಆ ಜಾಗವನ್ನು ಆಗಾಗ ಶುಚಿಗೊಳಿಸಬೇಕು. ಮರಳಿ ಜೋಡಿಸಿದ ನಂತರ ನಾಲ್ಕೂ ಮೂಲೆಗಳನ್ನು ಬೆರಳಿನಿಂದ ಒತ್ತಿ, ಅಲುಗುವುದಿಲ್ಲವೆಂದು ಖಚಿತಪಡಿಸಿಕೊಳ್ಳುವುದು ಸುಲಭವಾದ ಪರೀಕ್ಷೆ.

ಮುರಿದ ಜಾಲರಿಗೆ ಬದಲಾಗಿ ಅದೇ ಮಾದರಿಯ ಒಲೆಯ ಜಾಲರಿಯನ್ನೇ ಹಾಕಬೇಕು. ಅಗಲ ಸರಿಹೊಂದಿದರೂ ಎತ್ತರ ಬೇರೆಯಾಗಿದ್ದರೆ ಒಲೆಯ ದಹನ ಬದಲಾಗುತ್ತದೆ. ಶುಚಿತ್ವಕ್ಕೆಂದು ಬರ್ನರಿನ ಸುತ್ತ ಅಲ್ಯೂಮಿನಿಯಂ ಹಾಳೆ ಸುತ್ತುವುದು ಅಥವಾ ಜಾಲರಿಯ ಸುತ್ತ ತಗಡಿನ ಬಳೆ ಇಡುವುದು ಕೂಡ ದ್ವಿತೀಯಕ ಗಾಳಿಯ ದಾರಿಯನ್ನು ಮುಚ್ಚುತ್ತದೆ. ಜಾಲರಿ ಬದಲಿಸಿದ ನಂತರ ಜ್ವಾಲೆ ಹಳದಿಯಾದರೆ ಅಥವಾ ಪಾತ್ರೆ ಹೊಸದಾಗಿ ಮಸಿ ಹಿಡಿಯತೊಡಗಿದರೆ ಒಲೆಯ ಬಳಕೆಯನ್ನು ನಿಲ್ಲಿಸಿ, ಕಿಟಕಿ ತೆರೆದು, ತರಬೇತಿ ಪಡೆದ ತಂತ್ರಜ್ಞರಿಂದ ತಪಾಸಣೆ ಮಾಡಿಸಬೇಕು.