ಅರ್ಧಕಥಾನಕದ ಜಮಾ-ಖರ್ಚು

ವಿಕ್ರಮ ಸಂವತ್ 1698ರ ಮಾರ್ಗಶಿರ ಶುಕ್ಲ ಪಂಚಮಿಯಂದು, ಎಂದರೆ ಕ್ರಿ.ಶ. 1641ರಲ್ಲಿ, ಆಗ್ರಾ ಪಟ್ಟಣದ ಜೈನ ವ್ಯಾಪಾರಿಯೊಬ್ಬರು ತಮ್ಮ ಐವತ್ತೈದು ವರ್ಷಗಳ ಬಾಳಿನ ಲೆಕ್ಕವನ್ನು ಬರೆದು ಮುಗಿಸಿದರು. ಅವರ ಹೆಸರು ಬನಾರಸೀದಾಸ. ಮನುಷ್ಯನ ಪೂರ್ಣಾಯುಷ್ಯ ನೂರಹತ್ತು ವರ್ಷವೆಂದು ಎಣಿಸಿ, ಅದರ ಅರ್ಧಕ್ಕೆ ಬಂದು ನಿಂತ ತಮ್ಮ ಕಥೆಗೆ ಅವರು ‘ಅರ್ಧಕಥಾನಕ’ವೆಂದು ಹೆಸರಿಟ್ಟರು. ಮಧ್ಯದೇಶದ ಆಡುನುಡಿಯಲ್ಲಿ ರಚಿತವಾದ 675 ಪದ್ಯಗಳ ಈ ಕೃತಿಯನ್ನು ಭಾರತೀಯ ಭಾಷೆಗಳ ಮೊದಲ ಪೂರ್ಣ ಆತ್ಮಕಥೆಯೆಂದು ಅನೇಕ ವಿದ್ವಾಂಸರು ಗಣಿಸುತ್ತಾರೆ. ಸಾಹಿತ್ಯದ ದೃಷ್ಟಿಯಿಂದಲೂ ಮೊಗಲರ ಕಾಲದ ವಾಣಿಜ್ಯದ ದೃಷ್ಟಿಯಿಂದಲೂ ಇದರ ಪರಿಶೀಲನೆ ಸಾಕಷ್ಟು ನಡೆದಿದೆ. ಆದರೆ ಇಂದಿನ ಶ್ರಾವಕ ಕುಟುಂಬಗಳಿಗೆ ಈ ಗ್ರಂಥ ಒದಗಿಬರುವುದು ಬೇರೊಂದು ಕಾರಣಕ್ಕಾಗಿ. ತನ್ನಲ್ಲಿ ಎಳ್ಳಷ್ಟೂ ಕೊರತೆ ಇರಕೂಡದೆಂಬ ಹಠದಿಂದ ಬಳಲಿದ ಮನುಷ್ಯನೊಬ್ಬನು ತನ್ನನ್ನು ತಾನೇ ಬರೆದುಕೊಂಡು ಆ ಹಠದಿಂದ ಹೊರಬಂದ ವೃತ್ತಾಂತವೂ ಇದರಲ್ಲಿ ಅಡಗಿದೆ.

ಈ ಹಠ ಇಂದಿನ ಮನೆಗಳಲ್ಲಿ ಅಪರೂಪವೇನೂ ಅಲ್ಲ. ನೂರಕ್ಕೆ ತೊಂಬತ್ತಾರು ಅಂಕ ಪಡೆದ ಹುಡುಗಿ ಉಳಿದ ನಾಲ್ಕಕ್ಕಾಗಿ ಊಟ ಬಿಡುತ್ತಾಳೆ. ಒಂದು ದಿನ ಸ್ವಾಧ್ಯಾಯ ತಪ್ಪಿತೆಂಬ ಕಾರಣಕ್ಕೆ ಹನ್ನೆರಡು ವರ್ಷಗಳಿಂದ ನಡೆದುಬಂದ ನಿಯಮವನ್ನೇ ಕೈಬಿಡುವವರಿದ್ದಾರೆ. ಪೂರ್ಣವಾಗಿ ಪಾಲಿಸಲಾಗದೆಂಬ ಅಂಜಿಕೆಯಿಂದ ಅಣುವ್ರತವನ್ನು ಸ್ವೀಕರಿಸದೆಯೇ ಮುಪ್ಪನ್ನು ಮುಟ್ಟುವವರೂ ಇದ್ದಾರೆ. ಸಿದ್ಧಪದವನ್ನೇ ಆದರ್ಶವಾಗಿಟ್ಟುಕೊಂಡ ಸಮಾಜದಲ್ಲಿ ಆ ಆದರ್ಶವನ್ನು ನಾಳೆ ಬೆಳಗಿನ ಅಳತೆಗೋಲೆಂದು ತಿಳಿಯುವ ಅಪಾಯ ಸ್ವಲ್ಪ ಹೆಚ್ಚೆಂದೇ ಹೇಳಬೇಕು. ಬನಾರಸೀದಾಸರಿಗೆ ಆದದ್ದು ಇದೇ.

ಅವರು ಹುಟ್ಟಿದ್ದು 1586ರ ಸುಮಾರಿಗೆ, ಜೌನಪುರದ ಶ್ರೀಮಾಲ ವಂಶದಲ್ಲಿ. ತಂದೆ ಖರಗಸೇನರು ರತ್ನದ ವ್ಯಾಪಾರಿಗಳು. ಮನೆತನದ ಪರಂಪರೆ ಶ್ವೇತಾಂಬರ ಖರತರ ಗಚ್ಛದ್ದು. ಹದಿಹರೆಯದಲ್ಲಿ ಹುಡುಗನಿಗೆ ಎರಡು ಹುಚ್ಚು: ಒಂದು ವಿದ್ಯೆ, ಇನ್ನೊಂದು ಪ್ರಣಯ. ಶೃಂಗಾರಪ್ರಧಾನವಾದ ಸಾವಿರ ಪದ್ಯಗಳ ಕಾವ್ಯವೊಂದನ್ನು ಆ ವಯಸ್ಸಿನಲ್ಲಿಯೇ ರಚಿಸಿದರು. 1605ರಲ್ಲಿ ಅಕ್ಬರನು ತೀರಿಕೊಂಡ ಸುದ್ದಿ ಜೌನಪುರಕ್ಕೆ ಬಂದಾಗ, ಮೆಟ್ಟಿಲ ಮೇಲೆ ಕುಳಿತಿದ್ದ ತರುಣ ಬನಾರಸಿ ಆಘಾತದಿಂದ ಕೆಳಗೆ ಬಿದ್ದು ತಲೆ ಒಡೆದುಕೊಂಡರಂತೆ. ಆ ಬಳಿಕ ಒಂದು ದಿನ ಗೋಮತಿ ನದಿಯ ಸೇತುವೆಯ ಮೇಲೆ ಗೆಳೆಯರಿಗೆ ತಮ್ಮ ಕಾವ್ಯವನ್ನು ಓದುತ್ತಿದ್ದಾಗ ಮನಸ್ಸಿಗೆ ಏನೋ ಹೊಳೆಯಿತು. ಒಂದು ಸುಳ್ಳು ನುಡಿದವನಿಗೇ ಕೇಡು ತಪ್ಪದು. ಇದು ಸುಳ್ಳಿನ ಗ್ರಂಥವೇ ಆಯಿತಲ್ಲ! ಮರುಕ್ಷಣ ಹೊತ್ತಗೆ ಹೊಳೆಯ ಪಾಲಾಯಿತು.

ಅಂದಿನಿಂದ ಅವರು ಧಾರ್ಮಿಕರಾದರು. ನಿತ್ಯ ಜಿನದರ್ಶನ, ಸಾಮಾಯಿಕ, ಪ್ರತಿಕ್ರಮಣ, ನಿಯಮಗಳ ಮೇಲೆ ನಿಯಮ. ತಂದೆಗೆ ಸಂತೋಷವಾಯಿತು. ಆದರೆ ಗಮನಿಸಬೇಕಾದ ಅಂಶವೊಂದಿದೆ. ಕಾವ್ಯದಲ್ಲಿ ತಿದ್ದಬಹುದಾದ ಪದ್ಯಗಳೂ ಉಳಿಸಬಹುದಾದ ಪದ್ಯಗಳೂ ಇದ್ದಿರಲೇಬೇಕು. ತರುಣನು ಆರಿಸಲಿಲ್ಲ, ಎಲ್ಲವನ್ನೂ ಎಸೆದನು. ಇದ್ದರೆ ಪೂರ್ತಿ ಇರಬೇಕು, ಇಲ್ಲದಿದ್ದರೆ ಏನೂ ಬೇಡವೆಂಬ ಸ್ವಭಾವ ಮೊದಲು ಕಾಣಿಸಿಕೊಂಡದ್ದು ಆ ಸೇತುವೆಯ ಮೇಲೆ.

ವ್ಯಾಪಾರದ ಕಷ್ಟಗಳನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಸರಕು ಹೊತ್ತು ಆಗ್ರಾಕ್ಕೆ ಬಂದದ್ದು, ರತ್ನಗಳನ್ನು ಕಳೆದುಕೊಂಡದ್ದು, ಕಚೋರಿ ಮಾರುವವನ ಅಂಗಡಿಯಲ್ಲಿ ತಿಂಗಳುಗಟ್ಟಲೆ ಸಾಲದ ಮೇಲೆ ಉಂಡದ್ದು, ದೊಡ್ಡ ಸಾಹುಕಾರರೊಬ್ಬರು ಸಂಗೀತದ ಗೋಷ್ಠಿಯಲ್ಲಿ ಮುಳುಗಿದ್ದುದರಿಂದ ಪಾಲುದಾರಿಕೆಯ ಲೆಕ್ಕ ತೀರಿಸಿಕೊಳ್ಳಲು ತಿಂಗಳುಗಳ ಕಾಲ ಅವರ ಬಾಗಿಲಿಗೆ ಅಲೆದದ್ದು, ಎಲ್ಲವನ್ನೂ ಅವರು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಬಾಕಿ ವಸೂಲಿಗೆ ಅಲೆದ ಅನುಭವವಿರುವ ಓದುಗರಿಗೆ ಆ ಪುಟಗಳು ನಾಲ್ಕು ಶತಮಾನದ ಹಳಮೆಯವೆಂದು ತೋರುವುದಿಲ್ಲ.

ಎರಡನೆಯ ತಿರುವು 1623ರದು. ಖೈರಾಬಾದಿನಲ್ಲಿ ಅರ್ಥಮಲ್ಲರೆಂಬ ಅಧ್ಯಾತ್ಮಪ್ರಿಯರು ಬನಾರಸೀದಾಸರ ಕೈಗೆ ‘ಸಮಯಸಾರ’ದ ಮೇಲೆ ಪಾಂಡೆ ರಾಜಮಲ್ಲರು ರಚಿಸಿದ್ದ ಟೀಕೆಯನ್ನಿತ್ತರು. ನಿಶ್ಚಯನಯದ ದೃಷ್ಟಿಯಿಂದ ಆತ್ಮನು ನಿತ್ಯಶುದ್ಧನು. ಇದನ್ನು ಓದಿದ ಕೂಡಲೇ ಅವರಿಗೆ ತಾವು ಮಾಡುತ್ತಿದ್ದ ಪೂಜೆ, ನಿಯಮ, ಪ್ರತಿಕ್ರಮಣಗಳೆಲ್ಲ ಹೊರಗಿನ ಸಿಪ್ಪೆಯೆಂದು ತೋರಿತು. ಶುದ್ಧಾತ್ಮನ ಅನುಭವವೋ ಬರಲಿಲ್ಲ. ಕ್ರಿಯೆಯ ರುಚಿ ಮಾತ್ರ ಹೋಯಿತು. ಎರಡೂ ಕೈಬಿಟ್ಟುಹೋದ ಈ ಸ್ಥಿತಿಯಲ್ಲಿ ಅವರು ಸುಮಾರು ಹನ್ನೆರಡು ವರ್ಷ ಕಳೆದರು. ಚಂದ್ರಭಾನ, ಉದಯಕರಣ, ಥಾನಮಲ್ಲ ಎಂಬ ಮೂವರು ಗೆಳೆಯರೊಡನೆ ಸೇರಿ ದೇವರಿಗಿಟ್ಟ ನೈವೇದ್ಯವನ್ನು ತಿಂದದ್ದು, ಬಾಗಿಲು ಮುಚ್ಚಿದ ಕೋಣೆಯಲ್ಲಿ ಬಟ್ಟೆ ಕಳಚಿ, ತಾವು ಪರಿಗ್ರಹವಿಲ್ಲದ ಮುನಿಗಳಾದೆವೆಂದು ಕುಣಿದದ್ದು, ಇವನ್ನೂ ಅವರೇ ದಾಖಲಿಸಿದ್ದಾರೆ. ಊರವರು ಹೀಯಾಳಿಸಿದರು. ಇದನ್ನು ಕೇವಲ ಪುಂಡಾಟವೆನ್ನುವುದು ಸರಿಯಲ್ಲ. ಶಿಖರವನ್ನೇ ಬಯಸಿ ಮೆಟ್ಟಿಲುಗಳನ್ನು ತಿರಸ್ಕರಿಸಿದವನ ಹತಾಶೆ ಅದರ ಹಿಂದಿತ್ತು.

ಅವರನ್ನು ಕೈಹಿಡಿದು ನಿಲ್ಲಿಸಿದ ಗ್ರಂಥ ಹೋದದ್ದು ಕನ್ನಡ ನಾಡಿನಿಂದ. 1635ರಲ್ಲಿ ಪಾಂಡೆ ರೂಪಚಂದರು ಆಗ್ರಾಕ್ಕೆ ಬಂದು ಅಲ್ಲಿಯ ಜಿನಾಲಯದಲ್ಲಿ ಇಳಿದುಕೊಂಡು ‘ಗೊಮ್ಮಟಸಾರ’ವನ್ನು ಪ್ರವಚಿಸಿದರು. ಶ್ರವಣಬೆಳಗೊಳದಲ್ಲಿ 58 ಅಡಿಯ ಬಾಹುಬಲಿಯನ್ನು ನಿಲ್ಲಿಸಿದ ಗಂಗಮಂತ್ರಿ ಚಾವುಂಡರಾಯನಿಗಾಗಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಹತ್ತನೆಯ ಶತಮಾನದಲ್ಲಿ ರಚಿಸಿದ ಗ್ರಂಥವದು. ಚಾವುಂಡರಾಯನಿಗೆ ಗೊಮ್ಮಟನೆಂಬ ಹೆಸರೂ ಇದ್ದುದರಿಂದ ಗ್ರಂಥಕ್ಕೆ ಆ ನಾಮಧೇಯ. 1359ರಲ್ಲಿ ಕೇಶವವರ್ಣಿಯು ಇದಕ್ಕೆ ಬರೆದ ಕನ್ನಡ ವೃತ್ತಿಯೂ ಪ್ರಸಿದ್ಧವಾದುದು.

ಅದರ ಜೀವಕಾಂಡವು ಹದಿನಾಲ್ಕು ಗುಣಸ್ಥಾನಗಳನ್ನು ವಿವರಿಸುತ್ತದೆ. ಪಾಠಶಾಲೆಯ ಮಕ್ಕಳು ಇವುಗಳ ಹೆಸರನ್ನು ಬಾಯಿಪಾಠ ಮಾಡುತ್ತಾರೆ. ಅವುಗಳಲ್ಲಿರುವ ಕರುಣೆಯನ್ನು ಯಾರೂ ಹೇಳಿಕೊಡುವಂತೆ ಕಾಣದು. ಸಮ್ಯಗ್ದರ್ಶನವಿದ್ದೂ ಒಂದು ವ್ರತವನ್ನೂ ಹಿಡಿಯಲಾರದವನಿಗೆ ನಾಲ್ಕನೆಯ ಸ್ಥಾನವಿದೆ. ಭಾಗಶಃ ವಿರತನಾದ ಶ್ರಾವಕನಿಗೆ ಐದನೆಯದು. ಮಹಾವ್ರತ ಹೊತ್ತ ಮುನಿಯಲ್ಲಿಯೂ ಪ್ರಮಾದ ಉಳಿದಿರುತ್ತದೆಂದು ಆರನೆಯ ಸ್ಥಾನದ ಹೆಸರೇ ಸಾರುತ್ತದೆ: ಪ್ರಮತ್ತವಿರತ. ಕ್ರೋಧ, ಮಾನ, ಮಾಯೆಗಳು ಅಳಿದ ಮೇಲೂ ಹತ್ತನೆಯ ಸ್ಥಾನದವರೆಗೆ ಸೂಕ್ಷ್ಮಲೋಭ ಉಳಿಯುತ್ತದೆ; ಕುಸುಬೆಯ ಬಣ್ಣದ ಬಟ್ಟೆಯನ್ನು ಎಷ್ಟು ತೊಳೆದರೂ ನಸುಗೆಂಪು ಉಳಿಯುವಂತೆ ಎಂಬುದು ನೇಮಿಚಂದ್ರರು ಕೊಡುವ ಉಪಮೆ. ಅರಿವೆಯ ವ್ಯಾಪಾರಿಗಳಿಗೆ ಇದಕ್ಕಿಂತ ಚೆನ್ನಾಗಿ ತಿಳಿಯುವಂತೆ ಹೇಳುವುದು ಕಷ್ಟ. ಹನ್ನೊಂದನೆಯದಕ್ಕೆ ಏರಿದ ಜೀವ ಅಲ್ಲಿಂದ ಜಾರಿ ಇಳಿಯುವುದನ್ನೂ ಶಾಸ್ತ್ರ ಮೊದಲೇ ಲೆಕ್ಕಕ್ಕೆ ಹಿಡಿದಿದೆ.

ಸೊನ್ನೆ ಮತ್ತು ನೂರು ಎಂಬ ಎರಡೇ ಅಂಕಗಳನ್ನು ಬಲ್ಲ ಮನಸ್ಸಿಗೆ ನಡುವಣ ಅಂಕಗಳನ್ನು ಈ ಗ್ರಂಥ ಒದಗಿಸಿತು. ತಾನಿರುವ ಮೆಟ್ಟಿಲಿಗೆ ತಕ್ಕ ಕ್ರಿಯೆ ಮಿಥ್ಯೆಯಲ್ಲ. ಅದು ಪೂರ್ಣವೂ ಅಲ್ಲ. ಬನಾರಸೀದಾಸರ ಚಿತ್ತ ಸ್ಯಾದ್ವಾದದಲ್ಲಿ ನೆಲೆಗೊಂಡಿತು. 1636ರಲ್ಲಿ ಅವರು ‘ಸಮಯಸಾರ ನಾಟಕ’ವನ್ನು ರಚಿಸಿದರು, ಹಿಂದೆ ತಮ್ಮನ್ನು ಕೆಡವಿದ ವಸ್ತುವನ್ನೇ ಎತ್ತಿಕೊಂಡು ಬರೆದರೆಂಬುದು ಗಮನಾರ್ಹ.

ಅದಾದ ಐದು ವರ್ಷಗಳಿಗೆ ಅರ್ಧಕಥಾನಕ. ಇದು ದಿನದಿನದ ಬರವಣಿಗೆಯಲ್ಲ. ವ್ಯಾಪಾರಿಗಳ ಮಾತಿನಲ್ಲಿ ಕಿರ್ದಿಯಲ್ಲ, ಅಢಾವೆ ಪತ್ರಿಕೆ. ಗ್ರಂಥದ ಕೊನೆಗೆ ಅವರು ತಮ್ಮ ಆಗಿನ ಗುಣಗಳನ್ನೂ ದೋಷಗಳನ್ನೂ ಬೇರೆಬೇರೆಯಾಗಿ ಬರೆದಿದ್ದಾರೆ. ಜಮೆಯ ಕಡೆಗೆ: ದೇಶಭಾಷೆಯ ಕವಿತ್ವ, ಅಧ್ಯಾತ್ಮದ ಅರಿವು, ಕ್ಷಮೆ, ಸಂತೋಷ, ಸವಿಮಾತು, ಜಿನಧರ್ಮದಲ್ಲಿ ದೃಢಶ್ರದ್ಧೆ. ಇವನ್ನು ಸಂಕೋಚವಿಲ್ಲದೆ ಬರೆದಿರುವರು. ಖರ್ಚಿನ ಕಡೆಗೆ: ಜಪತಪಸಂಯಮಗಳಿಲ್ಲ, ದಾನಪೂಜೆಗಳಲ್ಲಿ ರುಚಿಯಿಲ್ಲ, ಅಲ್ಪ ಲಾಭಕ್ಕೆ ಹಿಗ್ಗು, ಅಲ್ಪ ನಷ್ಟಕ್ಕೆ ಚಿಂತೆ, ಅಶ್ಲೀಲ ನುಡಿಯಲ್ಲಿ ನಾಚಿಕೆಯಿಲ್ಲದಿರುವುದು, ಕಾಣದ ಕೇಳದ ಸಂಗತಿಗಳನ್ನು ಕಟ್ಟಿ ಹೇಳುವುದು, ಒಬ್ಬರೇ ಇದ್ದಾಗ ಕುಣಿಯುವುದು, ಇದ್ದಕ್ಕಿದ್ದಂತೆ ಆವರಿಸುವ ಭಯ.

ಈ ಪಟ್ಟಿಯಲ್ಲಿ ಒಂದು ನಮೂದು ವಿಶೇಷವಾಗಿ ಪರಿಶೀಲನಾರ್ಹ. ತಮ್ಮ ಕ್ರೋಧ, ಮಾನ, ಮಾಯೆಗಳು ನೀರ ಮೇಲಿನ ಗೆರೆಯಂತೆ, ಆದರೆ ಲಕ್ಷ್ಮಿಯ ಮೋಹ ಮಾತ್ರ ಬಲವಾದದ್ದೆಂದು ಅವರು ಬರೆಯುತ್ತಾರೆ. ನೀರ ಮೇಲಿನ ಗೆರೆಯೆಂಬುದು ಕವಿಯ ಅಲಂಕಾರವಷ್ಟೇ ಅಲ್ಲ. ಗೊಮ್ಮಟಸಾರದಲ್ಲಿ ಕ್ರೋಧಕ್ಕೆ ನಾಲ್ಕು ದರ್ಜೆಗಳುಂಟು: ಕಲ್ಲಿನ ಮೇಲಿನ ಗೆರೆ, ನೆಲದ ಮೇಲಿನದು, ಧೂಳಿನ ಮೇಲಿನದು, ನೀರಿನ ಮೇಲಿನದು. ಸಿಟ್ಟು ಬಂದಿತೋ ಇಲ್ಲವೋ ಎಂದು ಕೇಳದೆ, ಬಂದ ಸಿಟ್ಟು ಎಷ್ಟು ಹೊತ್ತು ಅಳಿಸದೆ ನಿಂತಿತೆಂದು ಕೇಳುವ ಕ್ರಮವಿದು. ರೂಪಚಂದರಿಂದ ಕಲಿತ ಅಳತೆಗೋಲನ್ನು ಬನಾರಸೀದಾಸರು ತಮ್ಮ ಮೇಲೆಯೇ ಇಟ್ಟು ನೋಡಿಕೊಂಡರು. ಮೂರು ಕಷಾಯಗಳು ತಗ್ಗಿವೆ, ನಾಲ್ಕನೆಯದು ತಗ್ಗಿಲ್ಲ ಎಂಬಷ್ಟು ಖಚಿತವಾದ ಬರಹ, ತಾನು ಪಾಪಿಯೆಂದು ಎದೆ ಬಡಿದುಕೊಳ್ಳುವವನಿಂದ ಬಾರದು.

ಅವರು ಮನುಷ್ಯರನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾರೆ. ಪರರ ಗುಣವನ್ನೂ ತನ್ನ ದೋಷವನ್ನೂ ಹೇಳುವವನು ಉತ್ತಮ. ಪರರ ದೋಷವನ್ನೂ ತನ್ನ ಗುಣವನ್ನೂ ಹೇಳುವವನು ಅಧಮ. ಎರಡು ಕಡೆಯ ಗುಣದೋಷಗಳನ್ನೂ ಇದ್ದಂತೆ ಹೇಳುವವನು ಮಧ್ಯಮ. ತಾನು ಮಧ್ಯಮನೆಂದು ಅವರ ಘೋಷಣೆ. ಗೋಮತಿಯಲ್ಲಿ ಸಾವಿರ ಪದ್ಯಗಳನ್ನು ಮುಳುಗಿಸಿದವನ ಲೇಖನಿಯಿಂದ ಈ ಮಾತು ಬರಲು ಸುಮಾರು ಮೂವತ್ತೈದು ವರ್ಷಗಳು ಬೇಕಾದವು.

ನಿತ್ಯದ ಬರವಣಿಗೆಗೆ ಬೇರೊಂದು ದೇಶದ ಉದಾಹರಣೆಯಿದೆ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ (1706–1790) ಮುದ್ರಕನಾಗಿದ್ದ ತಾರುಣ್ಯದಲ್ಲಿ ನೈತಿಕ ಪರಿಪೂರ್ಣತೆಯನ್ನೇ ಸಾಧಿಸುವೆನೆಂದು ಹೊರಟನು. ಹದಿಮೂರು ಸದ್ಗುಣಗಳನ್ನು ಗೊತ್ತುಪಡಿಸಿ, ಚಿಕ್ಕ ಪುಸ್ತಕದಲ್ಲಿ ವಾರದ ಏಳು ದಿನಗಳಿಗೆ ಮನೆಗಳನ್ನು ಗೀಚಿ, ಪ್ರತಿ ರಾತ್ರಿ ತಪ್ಪಿದ ಕಡೆಗೆ ಕಪ್ಪು ಚುಕ್ಕೆಯಿಡುತ್ತಿದ್ದನು. ವಾರಕ್ಕೊಂದು ಗುಣದಂತೆ ಹದಿಮೂರು ವಾರಕ್ಕೆ ಒಂದು ಆವರ್ತನೆ. ಹಳೆಯ ಚುಕ್ಕೆಗಳನ್ನು ಕೆರೆದು ಕೆರೆದು ಕಾಗದ ತೂತಾದಾಗ ದಂತದ ಹಾಳೆಗಳಿಗೆ ಬದಲಾಯಿಸಿದನು. ಕೊಡಲಿಯ ಮೈಯೆಲ್ಲ ಅದರ ಅಲಗಿನಂತೆ ಹೊಳೆಯಬೇಕೆಂದು ಸಾಣೆಯ ಚಕ್ರ ತಿರುಗಿಸುತ್ತ ಬಳಲಿ, ಚುಕ್ಕೆ ಚುಕ್ಕೆಯ ಕೊಡಲಿಯೇ ತನಗಿಷ್ಟವೆಂದವನ ಕಥೆಯನ್ನು ಅವನೇ ಹೇಳುತ್ತಾನೆ. ಪರಿಪೂರ್ಣತೆ ದೊರೆಯಲಿಲ್ಲ, ಆದರೂ ಆ ಯತ್ನದಿಂದ ಮೊದಲಿಗಿಂತ ಉತ್ತಮನೂ ಸುಖಿಯೂ ಆದೆನೆಂದು ಒಪ್ಪಿಕೊಂಡಿದ್ದಾನೆ. ಫ್ರಾಂಕ್ಲಿನ್ನನ ಪುಸ್ತಕದಲ್ಲಿ ತಪ್ಪಿಗೆ ಮಾತ್ರ ಗುರುತಿತ್ತು. ಲೆಕ್ಕದ ದೃಷ್ಟಿಯಿಂದ ಬನಾರಸೀದಾಸರ ಕ್ರಮವೇ ಮೇಲು. ಖರ್ಚಿನ ಪುಟ ಮಾತ್ರ ಇರುವ ಪುಸ್ತಕದಿಂದ ಯಾವ ಅಂಗಡಿಯ ಸ್ಥಿತಿಯೂ ತಿಳಿಯುವುದಿಲ್ಲ.

ಆಧುನಿಕ ಮನಶ್ಶಾಸ್ತ್ರದಲ್ಲಿ ಪಾಲ್ ಹೆವಿಟ್ ಮತ್ತು ಗಾರ್ಡನ್ ಫ್ಲೆಟ್ 1991ರಲ್ಲಿ ಈ ಹಠವನ್ನು ಮೂರಾಗಿ ವಿಂಗಡಿಸಿದರು: ತನ್ನಿಂದ ತಾನು ಬಯಸುವುದು, ಪರರಿಂದ ಬಯಸುವುದು, ಪರರು ತನ್ನಿಂದ ಬಯಸುತ್ತಾರೆಂದು ಭಾವಿಸುವುದು. ಮನೆತನದ ಮರ್ಯಾದೆಯ ಹೆಸರಿನಲ್ಲಿ ಮಕ್ಕಳ ಮೇಲೆ ಬೀಳುವುದು ಮೂರನೆಯದು. ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವಿದ್ಯಾರ್ಥಿಗಳು ನಾಲ್ಕು ದಿನ ಹದಿನೈದು ನಿಮಿಷದಂತೆ ತಮ್ಮ ನೋವಿನ ಸಂಗತಿಗಳನ್ನು ಬರೆದರು. ನಡೆದುದನ್ನೂ ಅನಿಸಿದುದನ್ನೂ ಜೊತೆಗೂಡಿಸಿ ಬರೆದವರಿಗೆ ಆ ಹೊತ್ತಿಗೆ ಮನಸ್ಸು ಭಾರವಾದರೂ ಮುಂದಿನ ತಿಂಗಳುಗಳಲ್ಲಿ ವೈದ್ಯರ ಬಳಿಗೆ ಹೋಗುವ ಪ್ರಸಂಗಗಳು ಕಡಿಮೆಯಾದವು. ತಪ್ಪುಗಳನ್ನಷ್ಟೇ ಮೆಲುಕು ಹಾಕುವುದಕ್ಕೂ ಇದಕ್ಕೂ ಅಂತರವಿದೆ.

ಚಾತುರ್ಮಾಸದಲ್ಲಿ ಮಕ್ಕಳಿಗೆ ನಿಯಮಪತ್ರ ಹಂಚುವ ಬಸದಿಗಳ ಆಡಳಿತ ಮಂಡಲಿಗಳು ಈ ಅಂತರವನ್ನು ಆಲೋಚಿಸಬೇಕು. ಎಲ್ಲ ಮನೆಗಳನ್ನೂ ತುಂಬಿದವರಿಗೆ ಮಾತ್ರ ಬಹುಮಾನವೆಂದರೆ, ಹತ್ತನೆಯ ದಿನ ತಪ್ಪಿದ ಮಗು ಹನ್ನೊಂದನೆಯ ದಿನ ಪತ್ರವನ್ನೇ ಹರಿಯುತ್ತದೆ, ಇಲ್ಲವೆ ಸುಳ್ಳು ಗುರುತು ಹಾಕುತ್ತದೆ. ತಪ್ಪಿದ ದಿನಕ್ಕೂ ಒಂದು ಮನೆ, ಯಾಕೆ ತಪ್ಪಿತೆಂದು ಬರೆಯಲು ಒಂದು ಸಾಲು, ಮರುದಿನ ಮತ್ತೆ ಹಿಡಿದುದಕ್ಕೆ ಒಂದು ಗುರುತು ಇದ್ದರೆ ಪತ್ರದ ಬೆಲೆಯೇನೂ ಹೆಚ್ಚಾಗದು. ದೀಪಾವಳಿಯಲ್ಲಿ ಹೊಸ ಪುಸ್ತಕ ತೆರೆಯುವ ವ್ಯಾಪಾರಿ ಹಿಂದಿನ ವರ್ಷದ ಬಾಕಿಯನ್ನು ಮೊದಲ ಪುಟಕ್ಕೆ ತರುತ್ತಾನೆ. ಬಾಕಿ ಇದೆಯೆಂದು ಅಂಗಡಿ ಮುಚ್ಚುವುದಿಲ್ಲ.

ಬನಾರಸೀದಾಸರ ಬಾಕಿಗಳು ಸಣ್ಣವಾಗಿರಲಿಲ್ಲ. ಮೂರು ಮದುವೆಗಳಾಗಿ ಒಂಬತ್ತು ಮಕ್ಕಳು ಹುಟ್ಟಿ ಒಂಬತ್ತೂ ತೀರಿಕೊಂಡಿದ್ದವು. ಅದನ್ನೂ ಅವರು ಲೆಕ್ಕದ ಪುಟದಲ್ಲಿಯೇ ಬರೆದರು. ಗ್ರಂಥ ಮುಗಿದ ಎರಡು ವರ್ಷಗಳಿಗೆ, 1643ರ ಸುಮಾರಿಗೆ, ಅವರ ಕಾಲವಾಯಿತು. 1644ರಲ್ಲಿ ಆಗ್ರಾದ ಜಗಜೀವನರು ಅವರ ಬಿಡಿ ರಚನೆಗಳನ್ನು ‘ಬನಾರಸೀ ವಿಲಾಸ’ವೆಂದು ಸಂಗ್ರಹಿಸಿದರು. ಅರ್ಧಕಥಾನಕವು ಹಸ್ತಪ್ರತಿಗಳಲ್ಲಿ ಉಳಿದುಬಂದು, 1943ರಲ್ಲಿ ಪಂಡಿತ ನಾಥೂರಾಮ ಪ್ರೇಮಿಯವರ ಸಂಪಾದನೆಯಲ್ಲಿ ಮುಂಬಯಿಯಿಂದ ಅಚ್ಚಾಯಿತು. 1981ರಲ್ಲಿ ಮುಕುಂದ ಲಾಠ್ ಅವರ ಇಂಗ್ಲಿಷ್ ಅನುವಾದ ಜಯಪುರದಿಂದ ಹೊರಬಂದಿತು. ಒಬ್ಬರೇ ಇದ್ದಾಗ ಕುಣಿಯುವ ಅಭ್ಯಾಸ ಎಲ್ಲ ಪ್ರತಿಗಳಲ್ಲಿಯೂ ದೋಷಗಳ ಸಾಲಿನಲ್ಲಿಯೇ ಇದೆ.