ತಿಂಡಿ ಆಯ್ತಾ?

ಗದಗಿನ ಒಂದು ಆಸ್ಪತ್ರೆಯ ಚರ್ಮರೋಗದ ಕೋಣೆ. ನನಗಿಂತ ಮುಂದಿನ ಪಾಳಿ ಮುಂಡರಗಿ ಕಡೆಯ ಅಜ್ಜನೊಬ್ಬನದು. ಡಾಕ್ಟರು ಮೈಸೂರು ಸೀಮೆಯ ಹುಡುಗಿ, ನಮ್ಮ ಕಡೆ ಬಂದು ತಿಂಗಳೂ ಆದಂತಿರಲಿಲ್ಲ. ಗುಳಿಗೆ ಕೊಡುವ ಮುಂಚೆ ಪ್ರೀತಿಯಿಂದಲೇ ಕೇಳಿದರು: "ತಿಂಡಿ ಆಯ್ತಾ ಅಜ್ಜ?"

"ಅದಕ್ಕ ಬಂದೇನಲ್ರೀ ಅಕ್ಕಾರ. ರಾತ್ರಿ ತುಂಬ ಬರೇ ತಿಂಡೀನ. ಮಲಗಾಕ ಬಿಡವಲ್ದು."

ಡಾಕ್ಟರು ಪೆನ್ನು ಕೆಳಗಿಟ್ಟರು. "ರಾತ್ರಿಯೆಲ್ಲಾ ತಿಂಡಿನಾ? ಶುಗರ್ ಟೆಸ್ಟ್ ಮಾಡಿಸಿದ್ದೀರಾ?"

ನಾನು ನಡುವೆ ಬಾಯಿ ಹಾಕಲೇಬೇಕಾಯಿತು. ಮುಂಜಾನೆ ತಿನ್ನುವುದು ನಮ್ಮಲ್ಲಿ ನಾಷ್ಟಾ. ತಿಂಡಿ ಎಂದರೆ ತುರಿಕೆ. ಬೆಂಗಳೂರು-ಮೈಸೂರಿನವರು ತಿಂಡಿಯನ್ನು ತಿನ್ನುತ್ತಾರೆ; ಗದಗ, ಲಕ್ಷ್ಮೇಶ್ವರ, ಶಿರಹಟ್ಟಿಯವರನ್ನು ತಿಂಡಿಯೇ ತಿನ್ನುತ್ತದೆ.

ಈ ಎರಡನೆಯ ಅರ್ಥ ಹಳ್ಳಿಗರ ಅಪಭ್ರಂಶ ಎಂದು ಯಾರಾದರೂ ಮೂಗು ಮುರಿದರೆ ನಾನು ಒಪ್ಪುವವನಲ್ಲ. ತಮಿಳಿನಲ್ಲಿಯೂ ತುರಿಕೆಗೆ 'ತಿನವು' ಎನ್ನುತ್ತಾರೆ. ಅಲ್ಲಿಯೂ ತಿನ್ನುವ ಮಾತೇ. ತಿಂಡಿ ಅನ್ನದಿದ್ದರೆ ನಾವು 'ಮೈ ಕಡಿಯಾಕ ಹತ್ತೈತಿ' ಅನ್ನುತ್ತೇವೆ. ಕಚ್ಚುವುದಕ್ಕೂ ತುರಿಸುವುದಕ್ಕೂ ಒಂದೇ ಕಡಿತ. ಮೈಮೇಲೆ ಕಾಣದ ಹಲ್ಲೊಂದು ಆಡುತ್ತಿದೆ ಎಂಬುದು ಈ ಮಾತುಗಳ ಒಳಗಿನ ತಿಳುವಳಿಕೆ. ಗ್ರೀಕರಿಗೆ ಅದು ಹಲ್ಲಾಗಿ ಕಾಣಲಿಲ್ಲ, ಒಲೆಯಾಗಿ ಕಂಡಿತು. 'ಎಕ್ಝೀಮಾ' ಎಂಬುದು ಕುದಿದು ಉಕ್ಕುವುದು ಎಂಬರ್ಥದ ಗ್ರೀಕ್ ಮಾತಿನಿಂದ ಬಂದದ್ದು. ಗುಳ್ಳೆ ಎದ್ದು ನೀರು ಒಸರುವುದನ್ನು ಹೊರಗೆ ನಿಂತು ನೋಡಿದವರ ಹೆಸರು ಅದು. ತಿಂಡಿ ಅನುಭವಿಸಿದವರ ಹೆಸರು.

ಪಂಪ ಕ್ರಿ.ಶ. 941ರಲ್ಲಿ ತನ್ನ ಭಾರತವನ್ನು ಪುಲಿಗೆರೆಯ ತಿರುಳ್ಗನ್ನಡದಲ್ಲಿ ಹೇಳಿದೆ ಎಂದ. ಆ ಪುಲಿಗೆರೆಯೇ ನಮ್ಮ ಲಕ್ಷ್ಮೇಶ್ವರ. ತಿರುಳಿನ ಬಗ್ಗೆ ನಮಗೆ ಸಾವಿರ ವರ್ಷದ ಹೆಮ್ಮೆ. ತೊಗಲಿನ ಬಗ್ಗೆ ಬರೆಯುವ ಕೆಲಸ ನನ್ನಂಥ ಇಸಬಿನವರ ಪಾಲಿಗೆ ಉಳಿದಿದೆ.

ಇಸಬು. ಎಕ್ಝೀಮಾಕ್ಕೆ ಹಿರಿಯರು ಇಟ್ಟ ಹೆಸರು ಇದೇ, ಪುಸ್ತಕದಲ್ಲಿ ಇಸುಬು. ನನಗೆ ಮೊಳಕೈಯ ಒಳಮಡಿಕೆಯಲ್ಲಿ, ಮೊಣಕಾಲಿನ ಹಿಂದೆ, ನೆನಪಿರುವಂದಿನಿಂದ ಇದೆ. ಕಜ್ಜಿ ಬೇರೆ, ಇಸಬು ಬೇರೆ. ಕಜ್ಜಿ ಹುಳದಿಂದ ಬರುತ್ತದೆ, ಒಬ್ಬರಿಂದ ಒಬ್ಬರಿಗೆ ಹತ್ತುತ್ತದೆ, ಮನೆಮಂದಿಯೆಲ್ಲ ಒಟ್ಟಿಗೆ ಔಷಧ ಹಚ್ಚಿಕೊಳ್ಳಬೇಕು. ಇಸಬು ಹತ್ತುವ ರೋಗವಲ್ಲ. ಇಷ್ಟು ಗೊತ್ತಿಲ್ಲದೆ ಶಾಲೆಯಲ್ಲಿ ನನ್ನ ಪಕ್ಕ ಯಾರೂ ಕೂಡುತ್ತಿರಲಿಲ್ಲ.

ಅದಕ್ಕಿಂತ ಹೆಚ್ಚು ಕಡಿದದ್ದು ತಿಂಡಿ ಎಂಬ ಶಬ್ದದ ಇನ್ನೊಂದು ಅರ್ಥ. ಕಾಲು ಕೆರೆದು ಜಗಳ ತೆಗೆಯುವವನಿಗೂ ನಮ್ಮಲ್ಲಿ ತಿಂಡಿ ಇರುತ್ತದೆ. 'ಭಾಳ ತಿಂಡಿ ಐತಿ ಮಗನಿಗೆ', 'ತಿಂಡಿ ಇದ್ರ ಬಾ' ಎಂಬ ಪಂಥ. ಪಾಠದ ನಡುವೆ ನಾನು ಮೊಳಕೈ ಕೆರೆದುಕೊಂಡರೆ ಮಾಸ್ತರರು, "ಏನಲೇ ತಿಂಡಿ ನಿಂದು? ಸುಮ್ಮ ಕೂಡು!" ಎನ್ನುತ್ತಿದ್ದರು. ಯಾವ ತಿಂಡಿಯನ್ನು ಅವರು ಕೇಳಿದರೋ ನನಗೆ ತಿಳಿಯುತ್ತಿರಲಿಲ್ಲ. ರೋಗವೂ ಕೊಬ್ಬೂ ಒಂದೇ ಹೆಸರಿನಲ್ಲಿ ಬಂದರೆ ಎಂಟು ವರ್ಷದ ಹುಡುಗ ಎರಡಕ್ಕೂ ತಪ್ಪೊಪ್ಪಿಕೊಳ್ಳುತ್ತಾನೆ.

ದಕ್ಷಿಣದವರ ಅರ್ಥವೂ ಪೂರ್ತಿ ಸುಳ್ಳಲ್ಲ ಅನ್ನಿ. ಕೆರೆದುಕೊಳ್ಳುವುದರಲ್ಲಿ ರುಚಿ ಇದೆ. ಸ್ಯಾಮ್ಯುಯೆಲ್ ಹಾಫೆನ್‌ರೆಫರ್ ಎಂಬ ಜರ್ಮನ್ ವೈದ್ಯ 1660ರಲ್ಲಿಯೇ ತುರಿಕೆ ಎಂದರೆ ಕೆರೆಯುವ ಬಯಕೆ ಹುಟ್ಟಿಸುವ ಹಿತವಲ್ಲದ ಅನುಭವ ಎಂದಿದ್ದ. ಬಯಕೆ ಎಂದ ಮೇಲೆ ಹಸಿವೆಗೆ ಎಷ್ಟು ದೂರ? ಕೆರೆದಷ್ಟೂ ತೊಗಲಿನ ಮೇಲ್ಪದರ ಒಡೆಯುತ್ತದೆ, ಒಡೆದಲ್ಲಿ ತೇವ ಆರುತ್ತದೆ, ಉರಿಯೂತ ಏರುತ್ತದೆ, ಮತ್ತೆ ತಿಂಡಿ. ಉಣಿಸಿದಷ್ಟೂ ಹೆಚ್ಚುವ ಹಸಿವೆ.

ದೀಪಾವಳಿ ಕಳೆದು ಕಪ್ಪತಗುಡ್ಡದ ಕಡೆಯಿಂದ ಒಣಗಾಳಿ ಬಿಟ್ಟಿತೆಂದರೆ ನನ್ನ ಸುಗ್ಗಿ. ಬೋರಿನ ಗಡಸು ನೀರು, ಅದರಲ್ಲಿಯೂ ಕುದಿಯುವ ನೀರು. ಸುರುವಿಕೊಂಡ ಗಳಿಗೆ ಸ್ವರ್ಗ, ಅರ್ಧ ತಾಸಿಗೆ ಮೈಯೆಲ್ಲ ಬಿರಿದ ಎರೆಹೊಲ. ಈಗ ಬೆಚ್ಚಗಿನ ನೀರಿನಲ್ಲಿ ಐದು-ಹತ್ತು ನಿಮಿಷದ ಜಳಕ, ಟವೆಲಿನಿಂದ ಉಜ್ಜದೆ ಒತ್ತಿ, ಮೈ ಇನ್ನೂ ಹಸಿ ಇರುವಾಗಲೇ ವ್ಯಾಸಲೀನ್. ಉಗುರು ವಾರಕ್ಕೊಮ್ಮೆ. ಕಂಬಳಿ ಚುಚ್ಚುತ್ತದೆಂದು ಅವ್ವ ತನ್ನ ಹಳೆಯ ಬೆಟಗೇರಿ ಹತ್ತಿಸೀರೆಗಳನ್ನು ಸೇರಿಸಿ ಕೌದಿ ಹೊಲಿದುಕೊಟ್ಟಿದ್ದಳು. ಯಾವ ಡಾಕ್ಟರೂ ಬರೆದುಕೊಡದ ಆ ಔಷಧ ಇಂದಿಗೂ ಹೊದೆಯಲು ಬರುತ್ತದೆ.

ಟ್ಯೂಬಿನ ವಿಚಾರ ಗಂಭೀರ. ಅಂಗಡಿಗೆ ಹೋಗಿ 'ತಿಂಡಿಗೆ ಹಚ್ಚೂದು ಕೊಡ್ರಿ' ಎಂದರೆ ಕೈಗೆ ಬರುವುದು ಬಹಳ ಸಲ ಸ್ಟೀರಾಯ್ಡ್ ಕಲಬೆರಕೆ ಮುಲಾಮು. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದೆಂದಿತು. ಸ್ಟೀರಾಯ್ಡ್ ಶತ್ರುವಲ್ಲ, ಡಾಕ್ಟರು ಹೇಳಿದ ಜಾಗಕ್ಕೆ, ಹೇಳಿದಷ್ಟು ದಿನ ಹಚ್ಚಿದರೆ ಅದೇ ನನ್ನನ್ನು ಉಳಿಸಿದೆ. ಅಳತೆಯೂ ಸುಲಭ: ತೋರುಬೆರಳಿನ ತುದಿಯ ಗೆಣ್ಣಿನಷ್ಟು ಮುಲಾಮು ಎರಡು ಅಂಗೈಯಗಲಕ್ಕೆ ಸಾಕು. ಕಂಡಲ್ಲೆಲ್ಲ ತಿಂಗಳುಗಟ್ಟಲೆ ಬಳಿದರೆ ತೊಗಲು ಉಳ್ಳಾಗಡ್ಡಿ ಸಿಪ್ಪೆಯಾಗುತ್ತದೆ.

ಅಜ್ಜನ ಕಥೆ ಬೇರೆ ಇತ್ತು. ಅವನಿಗೆ ಕಣ್ಣೆವೆ, ಕುತ್ತಿಗೆ, ಮೊಳಕೈ ಮಡಿಕೆ. ಡಾಕ್ಟರು ಹೊಲದ ಬದುವಿನಲ್ಲಿ ಏನು ಬೆಳೆದಿದೆ ಎಂದು ಕೇಳಿದರು. "ಇನ್ನೇನ್ರಿ, ಕಾಂಗ್ರೆಸ್ ಕಸ." ಪಾರ್ಥೇನಿಯಮ್. 1950ರ ದಶಕದಲ್ಲಿ ಪುಣೆಯಲ್ಲಿ ಕಂಡ ಈ ಪರದೇಶಿ, ಅಮೆರಿಕದ ಗೋಧಿಯ ಜೊತೆ ಬಂತೆನ್ನುತ್ತಾರೆ. ಅದರಲ್ಲಿನ ಪಾರ್ಥೆನಿನ್ ಎಂಬ ವಸ್ತು ಒಣಗಿದ ಗಿಡದ ಪುಡಿಯ ಜೊತೆ ಗಾಳಿಯಲ್ಲಿ ಹಾರಿ ಬಂದು ತೊಗಲಿನ ಮೇಲೆ ಕೂಡುತ್ತದೆ. ಒಗ್ಗದವರಿಗೆ ಮುಟ್ಟದೆಯೂ ಇಸಬು ಏಳುತ್ತದೆ. ಮೆಕ್ಸಿಕೋದಿಂದ ತರಿಸಿದ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಇದರ ಮೇಲೆ ಬಿಟ್ಟರು. ಎಲೆ ತಿನ್ನುತ್ತದೆ. ಕಸಕ್ಕೂ ಒಂದು ತಿಂಡಿ ಹಚ್ಚಿದ ಹಾಗಾಯಿತು, ಆದರೆ ಕಸ ಹೋಗಲಿಲ್ಲ.

ಕಸ ಕೀಳಲು ನೀವು ಹೋಗಬೇಡಿ, ಮಗನಿಗೆ ಕೈಗವಸು ಹಾಕಿಸಿ ಹೂಬಿಡುವ ಮೊದಲೇ ಕೀಳಿಸಿ, ತುಂಬುತೋಳಿನ ಅಂಗಿ ತೊಡಿ, ಹೊಲದಿಂದ ಬಂದೊಡನೆ ಮೈ ತೊಳೆಯಿರಿ ಎಂದು ಡಾಕ್ಟರು ಹೇಳಿದರು. ಅಜ್ಜ ಹೂಂ ಅಂದ. ಹೊಲ ಬಿಟ್ಟಿರು ಅಂದಿದ್ದರೆ ಅನ್ನುತ್ತಿರಲಿಲ್ಲ.

ಎರಡು ತಿಂಗಳ ಮೇಲೆ ಅದೇ ಬೆಂಚಿನಲ್ಲಿ ಮತ್ತೆ ಜೊತೆಯಾದೆವು. ಡಾಕ್ಟರು ಈಗ ನಮ್ಮ ಭಾಷೆ ಕಲಿತಿದ್ದರು. ಅಜ್ಜನನ್ನು ಕಂಡವರೇ ನಕ್ಕು, "ಈಗ ತಿಂಡಿ ಹ್ಯಾಂಗೈತಿ, ಅಜ್ಜಾರ?" ಎಂದರು.

ಅಜ್ಜನೂ ಕಲಿತಿದ್ದ. "ಆಗೈತ್ರೀ ಅಕ್ಕಾರ," ಎಂದ. "ಎರಡ ರೊಟ್ಟಿ ತಿಂದ ಬಂದೇನಿ."